ಮಾದರಿ ಸಂಖ್ಯೆ ಇಲ್ಲದ ಪುಟ

ನಾಲ್ಕು ಪುಸ್ತಕಗಳು ಮೇಜಿನ ಮೇಲೆ ಬಂದು ಕೂತಿದ್ದವು. ಐದನೆಯದು ಮಾತ್ರ ಇನ್ನೂ ಅವನ ಕೈ ಬಿಟ್ಟಿರಲಿಲ್ಲ. ಬೀರುವಿನ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಹಳೆಯ ಕಾಗದದ ವಾಸನೆ, ಅದರ ಮೇಲೆ ನುಸಿಗುಳಿಗೆಯ ವಾಸನೆ. ಹುಳ ಸಾಕುವ ಜಾಗದಲ್ಲೇ ಹುಳಕ್ಕೆ ಹೆದರಿ ಗುಳಿಗೆ ಇಡ್ತೀರಲ್ಲೋ, ಎಂದು ಅಕ್ಕ ಒಮ್ಮೆ ಇಲ್ಲಿಗೆ ಬಂದಿದ್ದಾಗ ನಕ್ಕಿದ್ದಳು. ಏಳರಿಂದ ಹನ್ನೊಂದರವರೆಗಿನ ದಾಖಲೆ ಪುಸ್ತಕ ತೆಗೆದಿಡಿ ಎಂದು ಪ್ರೊಫೆಸರ್ ನಿನ್ನೆ ಸಂಜೆಯೇ ಹೇಳಿ ಹೋಗಿದ್ದರು. ಏಳು, ಎಂಟು, ಒಂಬತ್ತು, ಹತ್ತು. ಕೈಯಲ್ಲಿದ್ದುದು ಹನ್ನೊಂದು. ಉಳಿದವುಗಳ ಬೆನ್ನು ನೆಟ್ಟಗಿದ್ದರೆ ಇದರದು ಮಾತ್ರ ನಡುವೆ ಮುರಿದಿತ್ತು, ಯಾರೋ ಎಷ್ಟೋ ಸಲ ಒಂದೇ ಕಡೆ ತೆರೆದು ಅಂಗೈಯಿಂದ ಒತ್ತಿದ ಹಾಗೆ. ಯಾರೋ ಏನು, ಅವನೇ. ಒಂದೂವರೆ ವರ್ಷದಿಂದ, ಎಲ್ಲರೂ ಊಟಕ್ಕೆ ಎದ್ದು ಹೋದ ಮೇಲೆ, ನೂರ ಹನ್ನೆರಡನೆಯ ಪುಟ. ಹನ್ನೊಂದರ ಬದಲು ಹನ್ನೆರಡನ್ನು ಇಟ್ಟರೆ ಯಾರಿಗೆ ಗೊತ್ತಾಗುತ್ತದೆ? ಪ್ರೊಫೆಸರಿಗೆ ಗೊತ್ತಾಗುವುದಿಲ್ಲ. ಅವರು ಅಂಕಿ ನೋಡುತ್ತಾರೆ, ಪುಸ್ತಕ ನೋಡುವುದಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಅವನು ಎಂಟೂವರೆಗೇ ಬಂದು ಬೀರುವಿನ ಮುಂದೆ ನಿಂತಿದ್ದ. ಈಗ ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು.

ಪುಟವನ್ನು ಹರಿದು ಎಸೆಯಬಹುದಿತ್ತಲ್ಲ ಎಂದರೆ, ಅದಾಗದು. ಈ ಲ್ಯಾಬಿನಲ್ಲಿ ಪುಟ ಹರಿಯುವಂತಿಲ್ಲ, ಅಂಕಿ ಉಜ್ಜುವಂತಿಲ್ಲ. ಪ್ರತಿ ಪುಟದ ಮೂಲೆಯಲ್ಲೂ ಸಂಖ್ಯೆ ಅಚ್ಚಾಗಿರುತ್ತದೆ. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ, ಅದೂ ಕೆಳಗಿನದು ಓದಲು ಬರುವಂತೆ. ತಪ್ಪು ಮಾಡಿದ್ದಕ್ಕೆ ನಾಚಿಕೆ ಬೇಡ, ಮುಚ್ಚಿದ್ದಕ್ಕೆ ಇರಲಿ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವನು ಅವನೇ. ಇಪ್ಪತ್ತೆರಡು ವರ್ಷ ಹೇಳಿದ್ದ. ಹೇಳಿಸಿಕೊಂಡವರು ಡಾಕ್ಟರಾಗಿ ಹೊರಟುಹೋದರು. ಅವರ ಪ್ರಬಂಧಗಳ ಕೊನೆಯಲ್ಲಿ, ಕರೆಂಟು ಹೋದಾಗ ಜನರೇಟರ್ ಹಾಕಿಕೊಟ್ಟವನಿಗೂ ಇವನಿಗೂ ಸೇರಿಸಿ ಒಂದೇ ಸಾಲಿನ ಕೃತಜ್ಞತೆ. ಬರೀ ಲ್ಯಾಬ್ ಸಹಾಯಕನಾದ ಅವನನ್ನು ಪ್ರೊಫೆಸರ್ ಡಾಕ್ಟ್ರೆ ಎಂದೇ ಕರೆಯುತ್ತಿದ್ದರು. ಮೊದಲ ಸಲ ಕರೆದಾಗ ಹೊರಗಿನಿಂದ ಬಂದಿದ್ದ ನಾಲ್ಕು ಜನ ನಕ್ಕಿದ್ದರು, ಅವನೂ ನಕ್ಕಿದ್ದ. ಆಮೇಲೆ ಆ ಹೆಸರು ಕಾಲಿಗೆ ಅಂಟಿದ ಜಿಗಣೆಯ ಹಾಗೆ ಅಲ್ಲೇ ಉಳಿಯಿತು. ಈಗ ನೋವಿಲ್ಲ, ಭಾರ ಮಾತ್ರ.

ಪಕ್ಕದ ಕೋಣೆಯಲ್ಲಿ ಬೆಳಿಗ್ಗೆಯ ಹುಳ ಕಾಯುತ್ತಿತ್ತು. ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡೇ ಹೋಗಿ ನೋಡಿದ. ಕಪ್ಪು ದುಂಬಿ, ಹೆಬ್ಬೆರಳ ಉಗುರಿನಷ್ಟು. ಬೆರಳುದ್ದದ ಗಾಜಿನ ನಳಿಗೆಯಲ್ಲಿ ಕಾಲು ಮಡಚಿ ಕೂತಿತ್ತು. ನಳಿಗೆ ನೀರಿನ ತೊಟ್ಟಿಯಲ್ಲಿ ಅರ್ಧ ಮುಳುಗಿತ್ತು. ಒಂದು ಕಡೆಯಿಂದ ಶುದ್ಧ ಗಾಳಿ ಒಳಗೆ, ಇನ್ನೊಂದು ಕಡೆಯಿಂದ ಹುಳ ಉಸಿರಾಡಿದ ಗಾಳಿ ಹೊರಗೆ, ಮೀಟರಿಗೆ. ಹುಳಕ್ಕೆ ಮೂಗಿಲ್ಲ, ಶ್ವಾಸಕೋಶವಿಲ್ಲ. ಪಕ್ಕೆಯ ಉದ್ದಕ್ಕೂ ಸಣ್ಣ ಸಣ್ಣ ಕಂಡಿಗಳು, ಒಂದೊಂದು ಕಂಡಿಗೂ ಒಂದು ಕದ. ಆರಾಮವಾಗಿರುವ ಹುಳ ಕದ ಹಾಕಿಕೊಂಡು ನಿಮಿಷಗಟ್ಟಲೆ ಸುಮ್ಮನಿದ್ದುಬಿಡುತ್ತದೆ. ಪರದೆಯ ಮೇಲೆ ಗೆರೆ ನೆಲಕ್ಕಂಟಿ ಓಡುತ್ತದೆ. ಆಮೇಲೆ ಒಮ್ಮೆಗೇ ಎಲ್ಲ ಕದ ತೆರೆದು ಒಳಗಿದ್ದುದನ್ನೆಲ್ಲ ಬಿಟ್ಟರೆ ಗೆರೆ ಗೋಪುರದಂತೆ ಏಳುತ್ತದೆ, ಇಳಿಯುತ್ತದೆ, ಮತ್ತೆ ಮೌನ. ತೊಟ್ಟಿಯ ನೀರನ್ನು ಕಾಲು ಕಾಲು ಡಿಗ್ರಿ ಬಿಸಿ ಮಾಡುತ್ತಾ ಹೋದರೆ ಮೌನ ಗಿಡ್ಡವಾಗುತ್ತದೆ. ಇನ್ನೂ ಬಿಸಿ ಮಾಡಿದರೆ ಕದ ಹಾಕಲು ಪುರುಸೊತ್ತೇ ಇಲ್ಲ. ಗೆರೆ ನಡುಗುತ್ತಾ ಮೇಲೇ ಇರುತ್ತದೆ. ಎಲ್ಲೋ ನಲವತ್ತೆಂಟು, ನಲವತ್ತೊಂಬತ್ತರಲ್ಲಿ ಒಮ್ಮೆ ಹುಚ್ಚೆದ್ದು ಕುಣಿದು ಕುಸಿಯುತ್ತದೆ. ಆ ಅಂಕಿಯನ್ನು ಬರೆದುಕೊಳ್ಳುವುದೇ ಅವನ ಕೆಲಸ. ಏದುಸಿರು ಎಂದರೆ ಸಂಕಟ, ಮೌನ ಎಂದರೆ ನೆಮ್ಮದಿ: ಇಷ್ಟನ್ನು ಅವನ ಕಣ್ಣು ಅವನನ್ನು ಕೇಳದೆಯೇ ಓದುತ್ತಿತ್ತು, ಬಸ್ಸಿನ ಬೋರ್ಡು ಓದುವ ಹಾಗೆ.

ಅಕ್ಕನಿಗೆ ಇದನ್ನೆಲ್ಲ ವಿವರಿಸಿದಾಗ ಅವಳು, ಅಯ್ಯೋ ಇದಕ್ಕೆ ಸಂಬಳ ಬೇರೆ ಕೊಡ್ತಾರಾ, ನಾನು ಪುಕ್ಕಟೆ ಮಾಡ್ತಿದ್ದೆ, ಎಂದಿದ್ದಳು. ಸುಳ್ಳಲ್ಲ. ಹಳ್ಳಿಯಲ್ಲಿ ಮನೆ ಮುಂದಿನ ಅಂಗಳಕ್ಕೆ ಹುಳ ಬಿದ್ದ ಕಾಳು ಹರವಿ ಅವಳು ಬರಿಗಾಲಲ್ಲಿ ಅದರ ಮೇಲೆ ಗೆರೆ ಎಳೆಯುತ್ತಾ ಸಾಲು ಸಾಲಾಗಿ ನಡೆಯುತ್ತಿದ್ದಳು. ಹಿಮ್ಮಡಿಗೆ ಬಿಸಿ ತಾಗುವ ಹೊತ್ತಿಗೆ ಸರಿಯಾಗಿ, ಹಾಂ ಈಗ ಏಳ್ತವೆ ನೋಡು, ಎನ್ನುವಳು. ಕಾಳಿನ ಒಳಗಿಂದ ಕಂದು ಚುಕ್ಕೆಗಳು ಎದ್ದು ನೆರಳಿನ ಕಡೆ ಹರಿಯುತ್ತಿದ್ದವು. ಅವಕ್ಕೆ ಹೋಗೋಕೆ ಒಂದು ಕಡೆ ನೆರಳು ಬಿಡ್ಬೇಕು ಕಣೋ, ನಾಲ್ಕೂ ಕಡೆ ಬಿಸಿಲಾದ್ರೆ ಅಲ್ಲೇ ಸತ್ತು ಕಾಳು ಕೆಡುತ್ತೆ. ಅವಳು ಶಾಲೆ ಬಿಟ್ಟು ಮೂರು ವರ್ಷವಾಗಿತ್ತು. ಅವನು ಹೊಸ್ತಿಲಲ್ಲಿ ಕೂತು ಅವಳ ಹಳೆಯ ಪುಸ್ತಕದಲ್ಲೇ ಓದುತ್ತಿದ್ದ. ಒಣಗಿದ ಕಾಳನ್ನು ಗುಡಾಣಕ್ಕೆ ತುಂಬಿ ಬಾಯಿಗೆ ಕೆಮ್ಮಣ್ಣು ಮೆತ್ತಿದ ಮೇಲೂ ಕೆಲವು ಹುಳ ಒಳಗೇ ಉಳಿದಿರುತ್ತಿದ್ದವು. ಗುಡಾಣಕ್ಕೆ ಕಿವಿಯಿಟ್ಟರೆ ಕೇಳುತ್ತಿತ್ತು, ಚರ ಚರ ಚರ, ದೂರದಲ್ಲಿ ಯಾರೋ ಒಣ ಎಲೆ ಹೊಸಕುತ್ತಿರುವ ಹಾಗೆ. ದಿನಾ ಸಂಜೆ ಇಬ್ಬರೂ ಕಿವಿಯಿಡುವರು. ಆರನೆಯ ದಿನವೋ ಏಳನೆಯ ದಿನವೋ ಏನೂ ಕೇಳಿಸಲಿಲ್ಲ. ಅವನಿಗೆ ಐದು ವರ್ಷವಿರಬೇಕು. ಏನಾಯ್ತಕ್ಕ, ಎಂದು ಕೇಳಿದಾಗ ಅಕ್ಕ ತುಂಬ ಹೊತ್ತು ಅವನ ಮುಖ ನೋಡಿದಳು. ಕಿವಿಗೆ ಅಂಟಿದ್ದ ಮಣ್ಣನ್ನು ಸೆರಗಿನಿಂದ ಒರೆಸುತ್ತಾ ಹೇಳಿದಳು: "ನಿದ್ದೆ ಹೋದ್ವು."

"ಏನ್ ಡಾಕ್ಟ್ರೆ, ಪುಸ್ತಕ ತೂಕ ಮಾಡ್ತಿದ್ದೀರಾ?"

ಅವನು ಪುಸ್ತಕ ಹಿಡಿದು ಮತ್ತೆ ಬೀರುವಿನ ಕೋಣೆಗೆ ಬಂದಿದ್ದ. ಪ್ರೊಫೆಸರ್ ಬಾಗಿಲಲ್ಲಿ ನಿಂತಿದ್ದರು. ಇನ್ನೆರಡು ವರ್ಷದಲ್ಲಿ ನಿವೃತ್ತಿ; ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವವರು. ಅವನು ಬೀರುವಿನ ಕಡೆ ತಿರುಗಿದ. ಹನ್ನೆರಡನೆಯ ಪುಸ್ತಕದ ಬೆನ್ನು ಎದುರಿಗೇ ಕಾಣುತ್ತಿತ್ತು. "ಕೊಡಿ ಕೊಡಿ, ಹೊತ್ತಾಯ್ತು" ಎಂದು ಅವರು ಕೈ ಚಾಚಿದಾಗ ಅವನ ಬೆರಳುಗಳು ಪುಸ್ತಕವನ್ನು ಹಿಡಿಯಲೂ ಇಲ್ಲ, ಕೊಡಲೂ ಇಲ್ಲ. ಅದು ಅವರ ಕೈಯಲ್ಲಿತ್ತು. ಹೀಗೇ ಆಗಿದೆ ಅವನ ಬದುಕಿನಲ್ಲಿ ಎಲ್ಲವೂ: ತಾನು ಮಾಡಿದ್ದೆಂದು ಹೇಳಿಕೊಳ್ಳಲಾರದ ಹಾಗೆ, ಮಾಡಲಿಲ್ಲವೆಂದೂ ಹೇಳಲಾರದ ಹಾಗೆ.

ಇವತ್ತಿನ ಸಂದರ್ಶನದ ಪ್ರಕಟಣೆಯನ್ನು ಟೈಪು ಮಾಡಿದ್ದೂ ಅವನೇ. ಕೀಟಗಳ ಉಸಿರಾಟ ಮತ್ತು ತಾಪ ಸಹಿಷ್ಣುತೆ, ಸಂಶೋಧನೆಗೆ ಅವಕಾಶ, ಒಂದು ಸ್ಥಾನ. ಅಕ್ಕನ ಮಗಳು ಫೋನು ಮಾಡಿ, ಮಾವ, ನಾನು ಅರ್ಜಿ ಹಾಕಿದೀನಿ, ಆದ್ರೆ ನಾನು ಯಾರು ಅಂತ ನೀವು ಯಾರಿಗೂ ಹೇಳ್ಬೇಡಿ, ಆಮೇಲೆ ಮಾವನ ಕೃಪೆ ಅಂತಾರೆ, ಎಂದಿದ್ದಳು. ಹೇಳಿದರೂ ಏನೂ ನಡೆಯುವುದಿಲ್ಲ, ತನ್ನ ಮಾತಿಗೆ ಇಲ್ಲಿ ಚಿಕ್ಕಾಸಿನ ಬೆಲೆ ಇಲ್ಲ ಎಂಬುದನ್ನು ಅವಳಿಗೆ ತಿಳಿಸಲು ಅವನಿಗೆ ಬಾಯಿ ಬರಲಿಲ್ಲ. ಮನೆಯಲ್ಲಿ ಅವನನ್ನು ದೊಡ್ಡ ವಿಜ್ಞಾನಿ ಎಂದು ತಿಳಿದಿದ್ದರು, ಅಥವಾ ತಿಳಿದ ಹಾಗೆ ನಡೆಸಿಕೊಂಡು ಬಂದಿದ್ದರು. ಅಕ್ಕ ಆಸ್ಪತ್ರೆ ಸೇರಿದ ಎರಡನೆಯ ದಿನ, ಮಾತಾಡುವ ಶಕ್ತಿ ಇನ್ನೂ ಇದ್ದಾಗ, ಮುಖದ ಮೇಲಿನ ಆಮ್ಲಜನಕದ ಕಪ್ಪನ್ನು ಸರಿಸಿ, ಇವಳನ್ನ ನಿನ್ನ ಹುಳಗಳ ಹತ್ರ ಸೇರಿಸ್ಕೊಳ್ಳೋ, ತಲೆ ಇದೆ ಅದಕ್ಕೆ, ನನ್ನ ಹಾಗೆ ಅಂಗಳದಲ್ಲಿ ನಿಲ್ಲೋದು ಬೇಡ, ಎಂದಿದ್ದಳು. ಅವನು ಆಗಲಿ ಎಂದಿದ್ದ. ಅವಳು ಕೇಳಿದ್ದು ಅದೊಂದೇ.

ಸಂದರ್ಶನ ನಡೆಯುವುದು ಲ್ಯಾಬಿನಲ್ಲೇ. ಕುರ್ಚಿ ಮೂರು, ಫ್ಯಾನು ಒಂದು. ಅದೂ ತಿರುಗುವಾಗ ಒಂದು ಸುತ್ತಿಗೊಮ್ಮೆ ಟಕ್ಕೆನ್ನುತ್ತಿತ್ತು. ಪ್ರೊಫೆಸರಿಗೆ ಅಂಕಪಟ್ಟಿಯಲ್ಲಿ ನಂಬಿಕೆಯಿಲ್ಲ. ಹಳೆಯ ದಾಖಲೆ ಪುಸ್ತಕದ ಯಾವುದೋ ಪುಟ ತೆರೆದು, ತಾರೀಖು, ಮಾದರಿ ಸಂಖ್ಯೆ, ಉಷ್ಣಾಂಶ ಇರುವ ತಲೆಭಾಗದ ಮೇಲೆ ಒಂದು ರಟ್ಟಿನ ಪಟ್ಟಿ ಇಟ್ಟು ಮುಚ್ಚಿ, ಕೆಳಗಿನ ಅಂಕಿಗಳನ್ನಷ್ಟೇ ತೋರಿಸಿ ಕೇಳುತ್ತಾರೆ: ಈ ಹುಳದ ಗತಿ ಏನು? ಹೇಳಬಲ್ಲವರು ಸೈ, ಉಳಿದವರಿಗೆ ಚಹಾ. ಮೊದಲು ಬಂದವನು ಚಹಾ ಕುಡಿದು ಹೋದ. ಎರಡನೆಯವಳು ಪರವಾಗಿಲ್ಲ ಎನ್ನುವಂತಿದ್ದಳು. ಹತ್ತನೆಯ ಪುಸ್ತಕದಲ್ಲಿ ಸತ್ತ ಹುಳವೊಂದನ್ನು ಬದುಕಿಸಿಬಿಟ್ಟಳು. ಸತ್ತ ಮೇಲೂ ಗೆರೆ ಒಮ್ಮೆ ಉಬ್ಬುತ್ತದೆ, ಅದಕ್ಕೆ ಎಲ್ಲರೂ ಮೋಸ ಹೋಗುತ್ತಾರೆ. ಅವನು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ, ಪುಸ್ತಕ ಎತ್ತಿ ಕೊಡುವುದಕ್ಕೆ. ಮೂರನೆಯವಳಾಗಿ ಅಕ್ಕನ ಮಗಳು ಒಳಗೆ ಬಂದಳು. ಭಾವ ದರ್ಜಿ. ಮಗಳ ಅಂಗಿಯನ್ನು ಈ ದಿನಕ್ಕೆಂದೇ ಹೊಲಿದುಕೊಟ್ಟಿದ್ದರು. ಕೈ ತುಸು ಉದ್ದವಾಗಿತ್ತು, ಬೆಳೆಯುತ್ತಾಳೆ ಎಂದು ಈಗಲೂ ಲೆಕ್ಕ ಹಾಕುವವರಂತೆ. ಅವಳು ಪ್ರೊಫೆಸರಿಗೆ ನಮಸ್ಕಾರ ಮಾಡಿ ಅವನ ಕಡೆ ತಿರುಗಿ, "ನಮಸ್ಕಾರ ಸರ್" ಎಂದಳು. ಆ ಸರ್ ಎಂಬುದರಲ್ಲಿ ಒಂದು ಚೂರು ನಗು ಅಡಗಿತ್ತು. ಅವನಿಗೆ ತಿರುಗಿ ನಗಲಾಗಲಿಲ್ಲ. ನಿಂತ ಭಂಗಿ, ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದನ್ನು ಸಡಿಲ ಬಿಟ್ಟದ್ದು, ಅಕ್ಕನದೇ ಆಗಿತ್ತು. ಕಾಳಿನ ನಡುವೆ ನಿಂತು ಹಿಮ್ಮಡಿಯಿಂದ ಬಿಸಿ ನೋಡುವಂತೆ.

"ಹನ್ನೊಂದು ಕೊಡಿ ಡಾಕ್ಟ್ರೆ." ಕೊಟ್ಟ. ಪ್ರೊಫೆಸರ್ ಕಣ್ಣು ಮುಚ್ಚಿ ಪುಸ್ತಕ ತೆರೆದರು, ಯಾವ ಪುಟ ಬಂದರೂ ಸರಿ ಎಂದು ತೋರಿಸಿಕೊಳ್ಳುವ ಅವರ ಆಟ ಅದು. ಆದರೆ ಬೆನ್ನು ಮುರಿದ ಪುಸ್ತಕಕ್ಕೆ ಅದರದೇ ಇಷ್ಟವಿರುತ್ತದೆ. ನೂರ ಹನ್ನೆರಡು ಅಂಗಾತ ಬಿದ್ದುಕೊಂಡಿತು. ನೋಡದೆಯೇ ಅವರು ತಲೆಭಾಗಕ್ಕೆ ಪಟ್ಟಿ ಇಟ್ಟು ಪುಸ್ತಕವನ್ನು ಅವಳ ಕಡೆ ತಳ್ಳಿದರು. "ಇದು ಎರಡು ಉಸಿರಿನ ನಡುವಿನ ಅಂತರ, ಸೆಕೆಂಡಿನಲ್ಲಿ. ಗಟ್ಟಿಯಾಗಿ ಓದಮ್ಮ."

"ಹದಿನಾಲ್ಕು," ಎಂದು ಅವಳು ಓದತೊಡಗಿದಳು. "ಹತ್ತೊಂಬತ್ತು. ಇಪ್ಪತ್ಮೂರು."

ಅವತ್ತು ಅಕ್ಕನ ವಾರ್ಡಿನಲ್ಲಿ ಫ್ಯಾನು ಟಕ್ಕೆನ್ನುತ್ತಿರಲಿಲ್ಲ. ಅಲ್ಲಿ ಫ್ಯಾನೇ ಇರಲಿಲ್ಲ, ಕಿಟಕಿ ಇತ್ತು. ಮಧ್ಯಾಹ್ನ ಎರಡು ಗಂಟೆಯ ಬಿಸಿಲು ಕಿಟಕಿಯಿಂದ ಮಂಚದ ಕಾಲಿನ ತನಕ ಬಂದು ನಿಂತಿತ್ತು. ಭಾವನೂ ಮಗಳೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ನೀವು ಹೋಗಿ ಬನ್ನಿ, ನಾನಿದ್ದೀನಿ, ಎಂದು ಅವರನ್ನು ಕ್ಯಾಂಟೀನಿಗೆ ಅಟ್ಟಿದ್ದು ಅವನೇ. ನರ್ಸು ಹೋಗುವ ಮುಂಚೆ ದಿಂಬಿನ ಪಕ್ಕ ತೂಗುತ್ತಿದ್ದ ಗಂಟೆಯ ಗುಂಡಿ ತೋರಿಸಿ, ಉಸಿರಾಟದಲ್ಲಿ ಏನೇ ವ್ಯತ್ಯಾಸ ಕಂಡ್ರೂ ಒತ್ತಿ, ಮೆಷಿನ್ ಹಾಕ್ಬೇಕಾಗುತ್ತೆ, ಎಂದಿದ್ದಳು. ಅವನು ಹೂಂಗುಟ್ಟಿದ್ದ. ಎರಡು ದಿನದಿಂದ ಅಕ್ಕ ಏದುತ್ತಿದ್ದಳು. ಎದೆಯ ಗೂಡು ಬಿಡುವಿಲ್ಲದೆ ಏರುತ್ತಾ ಇಳಿಯುತ್ತಾ, ಮೂಗಿನ ಹೊಳ್ಳೆ ಅರಳುತ್ತಾ, ನಲವತ್ತೆಂಟು ಡಿಗ್ರಿಯ ಗೆರೆಯ ಹಾಗೆ. ಅದನ್ನು ನೋಡಲಾರದೆ ಅವನು ಚೀಲದಿಂದ ಹನ್ನೊಂದನೆಯ ಪುಸ್ತಕ ತೆಗೆದು ಸೋಮವಾರಕ್ಕೆ ಕೊಡಬೇಕಾದ ಕೋಷ್ಟಕಗಳನ್ನು ತುಂಬುತ್ತಾ ಕೂತಿದ್ದ. ಆಗ ಶಬ್ದ ನಿಂತಿತು. ತಲೆ ಎತ್ತಿದ. ಅಕ್ಕ ಸುಮ್ಮನಿದ್ದಳು. ಆಮೇಲೆ ಒಂದು ಉದ್ದನೆಯ ಉಸಿರು, ಹಿಂದೆಯೇ ನಾಲ್ಕೈದು, ಮತ್ತೆ ಸುಮ್ಮನೆ. ಹಣೆಯ ನೆರಿಗೆ ಬಿಚ್ಚಿಕೊಂಡಿತ್ತು. ಅವನ ಕಣ್ಣು ಅದನ್ನು ಓದಿತು. ಕದ ಹಾಕಿಕೊಂಡಳು, ಎಂದುಕೊಂಡ. ತಣ್ಣಗಾಗುತ್ತಿದ್ದಾಳೆ. ಎರಡು ದಿನದಲ್ಲಿ ಮೊದಲ ಸಲ ಅವನ ಭುಜ ಕೆಳಗಿಳಿಯಿತು. ಮತ್ತೆ, ದೇವರೇ, ಕೈ ತನ್ನಷ್ಟಕ್ಕೆ ಹೊಸ ಪುಟ ತಿರುವಿ ತಾರೀಖು ಹಾಕಿತು, ಸಮಯ ಹಾಕಿತು, ಮಂಚದ ತಲೆಯ ಚೀಟಿಯಲ್ಲಿದ್ದ ಜ್ವರ ನೋಡಿ ಉಷ್ಣಾಂಶದ ಕಡೆ ಮೂವತ್ತೊಂಬತ್ತು ಬಿಂದು ಎರಡು ಎಂದು ಬರೆಯಿತು. ಮಾದರಿ ಸಂಖ್ಯೆಯ ಜಾಗ ಮಾತ್ರ ಖಾಲಿ ಬಿಟ್ಟಿತು.

"ಮೂವತ್ತೊಂದು. ಮೂವತ್ತೆಂಟು."

ಪ್ರತಿ ಅಂಕಿಗೂ ಅವನಿಗೆ ಸಂತೋಷವಾಗಿತ್ತು. ಇದನ್ನು ಯಾರಿಗೆ ಹೇಳುವುದು? ಅಂತರ ಬೆಳೆದಷ್ಟೂ ಅಕ್ಕ ಗುಣವಾಗುತ್ತಿದ್ದಳು. ಭಾವ ಬರಲಿ, ತೋರಿಸಬೇಕು, ನೋಡಿ ಹೇಗೆ ಸುಧಾರಿಸಿಕೊಳ್ತಿದ್ದಾಳೆ ಎನ್ನಬೇಕು, ಎಂದುಕೊಂಡಿದ್ದ. ಗಂಟೆಯ ಗುಂಡಿ ಅವನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು. ವ್ಯತ್ಯಾಸ ಕಂಡರೆ ಒತ್ತಿ ಎಂದಿದ್ದಳಲ್ಲ. ಅವನಿಗೆ ಕಂಡದ್ದು ವ್ಯತ್ಯಾಸವಾಗಿರಲಿಲ್ಲ, ಆರಾಮವಾಗಿತ್ತು. ಓದು ಬಾರದ ಯಾವನಾದರೂ ಆ ಮಂಚದ ಪಕ್ಕ ಕೂತಿದ್ದರೆ, ಅಯ್ಯೋ ಉಸಿರು ನಿಲ್ತಾ ಇದೆ ಎಂದು ಕಿರುಚಿಕೊಂಡು ಓಡುತ್ತಿದ್ದ. ಅಂಗಳದಲ್ಲಿ ನಿಂತ ಅಕ್ಕನೇ ಆಗಿದ್ದರೆ ಹಿಮ್ಮಡಿಯಿಂದಲೇ ತಿಳಿದುಕೊಳ್ಳುತ್ತಿದ್ದಳು. ಅವನು ಇಪ್ಪತ್ತು ವರ್ಷ ಕಲಿತಿದ್ದ.

"ಐವತ್ತೆರಡು. ಎಪ್ಪತ್ತು. ಆಮೇಲೆ..." ಅಕ್ಕನ ಮಗಳು ಪುಸ್ತಕವನ್ನು ಸ್ವಲ್ಪ ಹತ್ತಿರ ಎಳೆದುಕೊಂಡಳು. "ಆಮೇಲೆ ಒಂದು ಅಡ್ಡಗೆರೆ ಇದೆ ಸರ್. ಅಂಕಿ ಇಲ್ಲ."

"ಅದಿರ್ಲಿ. ಹುಳದ ಗತಿ ಏನು?"

ಅವಳು ತುಟಿಯ ಮೂಲೆಯನ್ನು ಹಲ್ಲಲ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ ಬೆರಳು ಓಡಿಸಿದಳು. ಅವನು ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಹೇಳು, ಎಂದು ಒಳಗೆ ಯಾರೋ ಬೇಡುತ್ತಿದ್ದರು. ಸಾಯುತ್ತಿದೆ ಎಂದು ಹೇಳು. ಯಾರಾದರೂ ಒಬ್ಬರು ನೋಡಿದ ಕೂಡಲೇ ಹೇಳಿಬಿಡಲಿ, ಇದನ್ನು ಕಂಡೂ ಸುಮ್ಮನೆ ಕೂತವನು ಎಂಥವನು ಎಂದು ಕೇಳಲಿ. ಮರುಕ್ಷಣವೇ, ಬೇಡ, ಬೇಡ ತಾಯೀ, ಎಂದು ಅದೇ ದನಿ ಅಳುತ್ತಿತ್ತು.

"ಆರಾಮಾಗಿದೆ ಸರ್," ಎಂದಳು ಅವಳು. "ಮೊದ್ಲು ಬಿಸಿ ತಾಗಿರ್ಬೇಕು, ಅದಕ್ಕೆ ಅಂತರ ಕಮ್ಮಿ ಇದೆ. ಈಗ ತಣ್ಣಗಾಗ್ತಾ ಇದೆ. ಅವಸರ ಇಲ್ಲ, ಒಂದೇ ಸಮ ಬೆಳೀತಾ ಹೋಗಿದೆ. ಸುಧಾರಿಸ್ಕೊಳ್ತಾ ಇದೆ."

"ಶಭಾಷ್!" ಪ್ರೊಫೆಸರ್ ಮೇಜಿಗೆ ಅಂಗೈ ಬಡಿದರು. "ಕೇಳಿದ್ರಾ ಡಾಕ್ಟ್ರೆ? ನಾವು ಹೇಳಿಕೊಡೋಕೆ ಮುಂಚೇನೇ ಕಲಿತು ಬಂದಿದ್ದಾಳೆ. ನೀವೇ ಕೂತು ಓದಿದ್ರೂ ಇದನ್ನೇ ಹೇಳ್ತಿದ್ರಿ, ಅಲ್ವಾ?"

"ಹೌದು ಸರ್," ಎಂದ ಅವನು.

"ಅಲ್ಲಾ, ಅಷ್ಟು ಚೆನ್ನಾಗಿ ಹೋಗ್ತಿದ್ದದ್ದನ್ನ ಅರ್ಧಕ್ಕೆ ಯಾಕೆ ಬಿಟ್ರಿ ಮಹರಾಯ್ರೇ? ಕೊನೆ ಅಂಕಿ ಎಲ್ಲಿ?"

ಒಂದೂವರೆ ವರ್ಷದಿಂದ ನಾಲಿಗೆಯಲ್ಲಿ ಸಿದ್ಧವಾಗಿದ್ದುದು ಬಂತು. "ನಿದ್ದೆ ಹತ್ತಿಬಿಡ್ತು ಸರ್."

ಪ್ರೊಫೆಸರ್ ಹೊಟ್ಟೆ ಕುಲುಕಿ ನಕ್ಕರು. "ನೋಡಮ್ಮ, ಇವ್ರು ನಮ್ಮ ಕುಂಭಕರ್ಣರು. ಹುಳಕ್ಕೆ ಜೋಗುಳ ಹಾಡಿ ತಾವೇ ಮಲಗಿದ್ದಾರೆ." ಅಕ್ಕನ ಮಗಳು ನಗುವುದಕ್ಕೆಂದು ತುಟಿ ತೆರೆದಳು. ನಿದ್ದೆ ಎಂಬ ಮಾತು ಕೇಳಿ ಅವಳ ಕಣ್ಣು ಒಮ್ಮೆ ಅವನ ಕಡೆ ಬಂದು ಹೋಯಿತು. ಪುಸ್ತಕವನ್ನು ಹಿಂದಕ್ಕೆ ಕೊಡಲೆಂದು ತೆರೆದ ಹಾಗೇ ಎತ್ತಿದಾಗ ರಟ್ಟಿನ ಪಟ್ಟಿ ಜಾರಿ ಅವಳ ಮಡಿಲಿಗೆ ಬಿತ್ತು. ಪ್ರೊಫೆಸರ್ ಆಗಲೇ ಎದ್ದು ಹಣೆಯ ಮೇಲಿನ ಕನ್ನಡಕವನ್ನು ಮೇಜಿನ ಮೇಲೆ ಹುಡುಕುತ್ತಿದ್ದರು. ಅವಳು ಪಟ್ಟಿಯನ್ನು ಎತ್ತಿ ಮತ್ತೆ ಪುಟದ ನಡುವೆ ಇಡಲು ಹೋದಳು. ಇಡುವುದು ಒಂದು ಕ್ಷಣದ ಕೆಲಸ. ಅವಳ ಕೈ ಅಲ್ಲೇ ನಿಂತಿತು. ಎಷ್ಟು ಹೊತ್ತು? ಫ್ಯಾನು ಮೂರು ಸಲ ಟಕ್ಕೆಂದಿತು. ಆಮೇಲೆ ಪಟ್ಟಿ ಇಟ್ಟು, ಪುಸ್ತಕ ಮುಚ್ಚಿ, ಎರಡೂ ಕೈಯಿಂದ ಅವನಿಗೆ ಕೊಟ್ಟಳು. ಮುಖದಲ್ಲಿ ಏನೂ ಇರಲಿಲ್ಲ.

ಫಲಿತಾಂಶಕ್ಕೆ ಕಾಯಬೇಕಾಗಲಿಲ್ಲ. "ಒಂದನೇ ತಾರೀಖಿಂದ ಬಾ. ಮೊದಲನೇ ಕೆಲಸ, ಈ ಹಳೇ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸೋದು, ಒಂದು ಪುಟ ಬಿಡದ ಹಾಗೆ. ನಮ್ಮ ಡಾಕ್ಟ್ರು ತೋರಿಸ್ತಾರೆ," ಎಂದರು ಪ್ರೊಫೆಸರ್. ಅವಳನ್ನು ಗೇಟಿನ ತನಕ ಬಿಟ್ಟು ಬನ್ನಿ ಎಂದು ಅವನನ್ನೇ ಕಳಿಸಿದರು. ಇಬ್ಬರೂ ಉದ್ದನೆಯ ಮೊಗಸಾಲೆಯಲ್ಲಿ ನಡೆದರು. ಅವಳ ಚಪ್ಪಲಿಯ ಸದ್ದು, ಅವನ ಚಪ್ಪಲಿಯ ಸದ್ದು. ಹೊರಗೆ ಸೈಕಲ್ ಸ್ಟ್ಯಾಂಡಿನ ಪಕ್ಕ ಒಂದು ಕಲ್ಲುಬೆಂಚು, ಅದರ ಅರ್ಧಕ್ಕೆ ಬಿಸಿಲು. ಅವಳು ನೆರಳಿನ ಅರ್ಧವನ್ನು ಅವನಿಗೆ ಬಿಟ್ಟು ಬಿಸಿಲಿನಲ್ಲಿ ಕೂತು ಅಪ್ಪನಿಗೆ ಫೋನು ಮಾಡಿದಳು. ಸಿಕ್ತಪ್ಪ, ಎಂದಳು, ಅಷ್ಟೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತದ್ದು ಅವನಿಗೂ ಕೇಳಿಸಿತು. ಫೋನನ್ನು ಅವನ ಕೈಗೆ ಕೊಟ್ಟಳು.

"ಏನೋ ಮಹರಾಯ, ಕೊನೆಗೂ ಅವಳ ಮಾತು ನಡೆಸಿದೆಯಲ್ಲೋ," ಎಂದರು ಭಾವ. "ಇವತ್ತು ಇದ್ದಿದ್ರೆ ಕುಣಿದುಬಿಡ್ತಿದ್ಲು."

"ಅವಳೇ ಗೆದ್ದಳು ಭಾವ. ನಾನೇನೂ ಮಾಡ್ಲಿಲ್ಲ."

"ನೀನು ಯಾವತ್ತು ಮಾಡ್ದೆ ಅಂತ ಒಪ್ಕೊಂಡಿದೀಯಾ ಬಿಡು. ನೋಡು, ಒಂದು ಮಾತು ಹೇಳ್ತೀನಿ, ಇನ್ನಾದ್ರೂ ಆ ಕೊರಗು ಬಿಡು. ಮೂರು ದಿನ ಕಣ್ಣು ಮುಚ್ಚದವನಿಗೆ ಮಧ್ಯಾಹ್ನ ಒಂದು ಜೊಂಪು ಹತ್ತಿದ್ರೆ ಅದೇನು ಕೊಲೆನಾ? ನಿದ್ದೆ ಏನು ನಮ್ಮಪ್ಪನ ಮನೆ ಆಳಾ, ಬೇಡ ಅಂದ್ರೆ ಹೋಗೋಕೆ?"

ಅವತ್ತೂ ಆ ಮಾತನ್ನು ಕೊಟ್ಟವರು ಭಾವನೇ. ಎಪ್ಪತ್ತರ ನಂತರ ಅವನು ಗಡಿಯಾರ ನೋಡುತ್ತಾ ಕಾದಿದ್ದ. ಎರಡು ನಿಮಿಷ. ಹುಳಗಳು ಹತ್ತು ನಿಮಿಷವೂ ಕದ ಹಾಕಿಕೊಂಡಿರುತ್ತವೆ. ಮೂರು ನಿಮಿಷ. ಎಷ್ಟು ಗಾಢವಾದ ವಿಶ್ರಾಂತಿ. ನಾಲ್ಕಾದ ಮೇಲೆ ಪೆನ್ನು ಅಡ್ಡಗೆರೆ ಎಳೆದು ಅಲ್ಲೇ ಉಳಿಯಿತು. ಹಿಮ್ಮಡಿಯಿಂದ ಮೇಲಕ್ಕೆ ಏನೋ ಏರಿಬಂತು. ಗುಂಡಿ ಒತ್ತಲಿಲ್ಲ. ಒತ್ತಿದರೆ ಯಾವಾಗಿನಿಂದ ಹೀಗಿದೆ ಎಂದು ಕೇಳುತ್ತಾರೆ, ಅದಕ್ಕೆ ಉತ್ತರ ತನ್ನ ಮಡಿಲಲ್ಲಿ ಸೆಕೆಂಡಿನ ಲೆಕ್ಕದಲ್ಲಿ ತೆರೆದು ಬಿದ್ದಿದೆ. ಪುಸ್ತಕವನ್ನು ಚೀಲಕ್ಕೆ ಹಾಕಿ ಹಣೆಯನ್ನು ಮಂಚದ ಕಬ್ಬಿಣಕ್ಕೆ ಆನಿಸಿ ಕಣ್ಣು ಮುಚ್ಚಿದ. ಕ್ಯಾಂಟೀನಿನಿಂದ ಬಂದ ಭಾವ ಅವನ ಭುಜ ಅಲ್ಲಾಡಿಸಿ, ಏಳೋ, ಏಳೋ, ನಿದ್ದೆ ಹತ್ತಿಬಿಡ್ತೇನೋ ನಿಂಗೆ, ಎಂದು ಕೂಗಿಕೊಂಡಾಗ, ಹೂಂ ಎಂದಿದ್ದ. ಬರೀ ಹೂಂ. ಅಷ್ಟಕ್ಕೇ ಎಲ್ಲರೂ ಅವನನ್ನು ಕ್ಷಮಿಸಿಬಿಟ್ಟರು. ಕ್ಷಮಿಸಿದ್ದು ಬೇರೆ ಯಾರನ್ನೋ, ಮಂಚದ ಪಕ್ಕ ನಿದ್ದೆ ಹೋಗಿದ್ದ ಒಬ್ಬ ಬಡಪಾಯಿಯನ್ನು. ಎಚ್ಚರವಿದ್ದವನು ಅಲ್ಲೇ ಕೂತಿದ್ದಾನೆ ಇನ್ನೂ, ಪೆನ್ನು ಹಿಡಿದುಕೊಂಡು.

ಫೋನು ತಿರುಗಿ ಕೊಟ್ಟ. ಅವಳು ಅದನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ, ಮಡಿಲಲ್ಲಿಟ್ಟು ಉದ್ದನೆಯ ತೋಳಿನ ಅಂಚನ್ನು ಮಡಚುತ್ತಾ ಕೂತಳು. ಸ್ಟ್ಯಾಂಡಿನಲ್ಲಿ ಯಾರೋ ಸೈಕಲ್ ತೆಗೆಯುವಾಗ ನಾಲ್ಕು ಸೈಕಲ್ ಒಂದರ ಮೇಲೊಂದು ಬಿದ್ದವು. ಆ ಸೈಕಲಿನವನು ಬೈದುಕೊಳ್ಳುತ್ತಾ ಎತ್ತಿ ನಿಲ್ಲಿಸಿ ಹೋದ ಮೇಲೆ ಅವಳು ಹೇಳಿದಳು, "ಮಾವ, ಪುಟದ ಮೇಲೆ ತಾರೀಖಿತ್ತು."

ಅವನು ಸ್ಟ್ಯಾಂಡಿನ ಸೈಕಲುಗಳನ್ನು ಎಣಿಸಿದ.

"ಟೈಮೂ ಇತ್ತು. ಎರಡೂ ಹತ್ತು. ನಾವು ಕ್ಯಾಂಟೀನಲ್ಲಿದ್ವಿ. ಅಪ್ಪಂಗೆ ತಟ್ಟೆ ಮುಂದೆ ಇಟ್ಟಿದ್ದೆ, ತಿನ್ನೋಕೆ ಆಗಲ್ಲ ಅಂತಿದ್ರು. ನಾನೇ ಗದರಿಸ್ದೆ, ಮಾವ ಇದ್ದಾರಲ್ಲ, ತಿನ್ನಿ, ಅಂತ."

ಈಗ ಕೇಳುತ್ತಾಳೆ. ಕೇಳಲಿ. ಹೇಳಿಬಿಡುತ್ತೇನೆ, ಎಂದುಕೊಂಡ. ನಾನು ಎಚ್ಚರವಿದ್ದೆ, ಪ್ರತಿಯೊಂದನ್ನೂ ಕಂಡೆ, ಗುಂಡಿ ಒಂದು ಗೇಣು ದೂರದಲ್ಲಿತ್ತು. ಮಾತು ಗಂಟಲಿನ ತನಕ ಬಂದು ನಿಂತು ನೆರಳಿಗಾಗಿ ನಾಲ್ಕೂ ಕಡೆ ನೋಡಿತು. ಹೇಳಿದರೆ, ಒಳಗೆ ಅವಳು ಹೇಳಿದ ಉತ್ತರವೂ ತಪ್ಪು. ಮೇಜಿಗೆ ಬಡಿದ ಶಭಾಷ್ ತಪ್ಪು, ಸಿಕ್ಕಿದ ಕೆಲಸ ತಪ್ಪು. ಅದೆಲ್ಲ ಹಾಳಾಗಿ ಹೋಗಲಿ. ತಾಯಿ ಸಾಯುತ್ತಿದ್ದುದನ್ನು ಗಟ್ಟಿಯಾಗಿ ಓದಿ ಆರಾಮಾಗಿದೆ ಎಂದವಳು ಇವಳೂ ಆಗುತ್ತಾಳೆ. ಆ ಪುಟಕ್ಕೆ ಈಗ ಇಬ್ಬರು.

ಅವಳು ಅವನ ಕಡೆ ತಿರುಗಿದಳು. ಬಿಸಿಲಿಗೆ ಕಣ್ಣು ಕಿರಿದಾಗಿತ್ತು. ಅವಳು ಕೇಳಿದ್ದು ಅವನು ಎಣಿಸಿದ್ದನ್ನಲ್ಲ.

"ನಾನು ಓದಿದ್ದು ಸರಿ ತಾನೇ ಮಾವ? ಅಂಕಿ ಅದನ್ನೇ ತಾನೇ ಹೇಳೋದು? ಅಮ್ಮ ಆರಾಮಾಗೇ ಇದ್ಲು ತಾನೇ?"

ಗುಡಾಣದ ತಣ್ಣನೆಯ ಮಣ್ಣು ಕಿವಿಗೆ ತಾಗಿದಂತಾಯಿತು. ಒಳಗೆ ಏನೂ ಕೇಳಿಸುತ್ತಿರಲಿಲ್ಲ. ಐದು ವರ್ಷದ ಹುಡುಗ ಮುಖ ಎತ್ತಿ ಕಾಯುತ್ತಿದ್ದ. ಅಕ್ಕ ಅವನನ್ನು ಅಷ್ಟು ಹೊತ್ತು ಯಾಕೆ ನೋಡಿದಳೆಂದು ಅವನಿಗೆ ಈಗ ತಿಳಿಯಿತು.

"ಹೂಂ," ಎಂದ. "ನಿದ್ದೆ ಹೋದ್ಲು."

ಅವಳು ಕಣ್ಣು ಮುಚ್ಚಿ ಉದ್ದಕ್ಕೆ ಒಂದು ಉಸಿರು ಬಿಟ್ಟಳು. ಭುಜ ಕೆಳಗಿಳಿಯಿತು, ಹಣೆಯ ನೆರಿಗೆ ಬಿಚ್ಚಿಕೊಂಡಿತು. ಆಮೇಲೆ ಅಲ್ಲಾಡದೆ ಕೂತಳು. ಅವನು ಬೇಡ ಬೇಡವೆಂದರೂ ಕೇಳದೆ ಅವನ ಒಳಗಿನ ಗಡಿಯಾರ ಅವಳ ಮುಂದಿನ ಉಸಿರಿಗೆ ಎಣಿಸತೊಡಗಿತು. ಒಂದು. ಎರಡು. ಮೂರು. ನಾಲ್ಕು.